ನಮ್ದೇನಿತ್ತು ಬಿಡಿ ಮೇಷ್ಟ್ರೇ

ಹಾಸನದ ನಮ್ಮ ಬಡಾವಣೆ ಸಂಘದ ಸ್ಮರಣ ಸಂಚಿಕೆಗೆ ಯಾರು ಏನು ಬರೆಯಬೇಕು ಅಂತ ಮೊನ್ನೆ ಭಾನುವಾರ ಸಭೆ ಸೇರಿದ್ದೆವು. ದೇವಸ್ಥಾನ ಒಬ್ಬರ ಪಾಲಿಗೆ, ಕೆರೆ ಇನ್ನೊಬ್ಬರಿಗೆ, ಶಾಲೆ ನನಗೆ. ನಾನು ಸುಮ್ಮನಿರಲಾರದೆ, "ಊರಿನ ಟಿವಿ ರಿಲೇ ಸ್ಟೇಷನ್ ಬಗ್ಗೆಯೂ ಎರಡು ಪುಟ ಇರಲಿ" ಅಂದೆ.

ಅಧ್ಯಕ್ಷರಿಗೆ ನಗು ಬಂತು. "ಅದಕ್ಕೆಂಥ ಇತಿಹಾಸ ಮೇಷ್ಟ್ರೇ? ಒಂದಾದ್ರೂ ಸ್ವಂತ ಕಾರ್ಯಕ್ರಮ ಮಾಡಿದ್ಯಾ ಅದು?"

ಅದು ಹೋಗಲಿ. ಆ ಸ್ಟೇಷನ್ನಿನಲ್ಲೇ ಟೆಕ್ನಿಷಿಯನ್ ಆಗಿದ್ದು ನಿವೃತ್ತರಾದವರು ಅಲ್ಲೇ ಹಿಂದಿನ ಸಾಲಿನಲ್ಲಿ ಕೂತಿದ್ದರು. ಇವರಾದರೂ ಬಾಯಿ ಬಿಡುತ್ತಾರೆ ಅಂತ ತಿರುಗಿ ನೋಡಿದೆ. ಕಾಫಿ ಲೋಟ ಕೆಳಗಿಟ್ಟು ಹೇಳಿದರು: "ಸಾರ್ ಹೇಳೋದು ಸರಿ. ನಮ್ದೇನಿತ್ತು ಬಿಡಿ ಮೇಷ್ಟ್ರೇ. ಮೇಲಿಂದ ಬಂದಿದ್ದನ್ನ ಬಿಡ್ತಿದ್ವಿ, ಅಷ್ಟೆ." ಸಭೆ ಗೊಳ್ಳೆಂದಿತು. ಅವರೂ ಎಲ್ಲರ ಜೊತೆ ನಕ್ಕರು.

ಅಧ್ಯಕ್ಷರ ಮಾತು ಮನೆ ಮುಟ್ಟುವಷ್ಟರಲ್ಲಿ ಮರೆತುಹೋಗಿತ್ತು. ಅವರ ಲೆಕ್ಕ ನನಗೆ ಹೊಸದಲ್ಲ. ಕೇಬಲ್‌ನ ಲೋಕಲ್ ಚಾನೆಲ್ಲಿಗೆ ಸಂಚಿಕೆಯಲ್ಲಿ ಅವರೇ ಒಂದು ಪೂರ್ತಿ ಪುಟ ಇಟ್ಟಿದ್ದಾರೆ. ಗಣಪತಿ ಬಿಡುವ ದಿನ ಅವರು ಮಾಡಿದ ಭಾಷಣ ಅದರಲ್ಲಿ ಬಂದಿತ್ತಲ್ಲ. ಹಾಸನಾಂಬೆ ಬಾಗಿಲು ತೆಗೆದ ದಿನಗಳಲ್ಲಿ ಮನೆಯಲ್ಲೇ ಕೂತು ದರ್ಶನದ ಸಾಲು ನೋಡುವ ಸುಖ ಕೊಟ್ಟವರು ಕೇಬಲ್‌ನವರು, ಆ ಮಾತು ನಾನೂ ಒಪ್ಪುತ್ತೇನೆ. ಆದರೆ ವಾರವೆಲ್ಲ ಕಾಡಿದ್ದು ಇನ್ನೊಬ್ಬರ ಮಾತು. "ನಮ್ದೇನಿತ್ತು ಬಿಡಿ." ಅಷ್ಟು ಸಲೀಸಾಗಿ ಒಪ್ಪಿಕೊಳ್ಳುವಂಥದ್ದು ಏನಿತ್ತು?

ಎಂಬತ್ತರ ದಶಕ ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. 1984ರಲ್ಲಿ ಕೆಲವು ತಿಂಗಳು ದೂರದರ್ಶನ ದೇಶದ ತುಂಬ ಹೆಚ್ಚುಕಡಿಮೆ ದಿನಕ್ಕೊಂದರಂತೆ ಟ್ರಾನ್ಸ್‌ಮಿಟರ್ ನಿಲ್ಲಿಸುತ್ತಾ ಹೋಯಿತು. ಅವುಗಳಲ್ಲಿ ಬಹುಪಾಲು ಲೋ ಪವರ್‌ನವು, ನೂರು ವ್ಯಾಟ್. ಆಗ ನಮ್ಮ ಬಚ್ಚಲಮನೆಯಲ್ಲಿ ಉರಿಯುತ್ತಿದ್ದ ಬಲ್ಬಿನಷ್ಟೇ ಶಕ್ತಿ. ಒಂದು ಟವರ್, ಆಕಾಶ ನೋಡುವ ದೊಡ್ಡದೊಂದು ಡಿಶ್, ಪಕ್ಕದಲ್ಲಿ ಜನರೇಟರ್, ನಾಲ್ಕಾರು ಜನ ಸಿಬ್ಬಂದಿ. ಸ್ಟುಡಿಯೋ ಇಲ್ಲ, ಕ್ಯಾಮೆರಾ ಇಲ್ಲ. ಆಸುಪಾಸಿನ ಹದಿನೈದು ಇಪ್ಪತ್ತು ಕಿಲೋಮೀಟರಿಗೆ ಚಿತ್ರ ಸಿಗುತ್ತಿತ್ತು, ಅದೂ ಗುಡ್ಡ ಅಡ್ಡ ಬರದಿದ್ದರೆ. ಆ ಅಲೆಗಳು ನೆಟ್ಟಗೆ ಹೋಗುವಂಥವು, ಗುಡ್ಡ ಬಳಸಿ ಆಚೆ ಇಳಿಯುವುದಿಲ್ಲ. ನಮ್ಮ ಕಡೆ ಬಯಲು, ಪರವಾಗಿಲ್ಲ. ಸಕಲೇಶಪುರದ ಕಡೆಯ ನೆಂಟರು ಬಿದಿರಿನ ಗಳಕ್ಕೆ ಗಳ ಕಟ್ಟಿ ಆಂಟೆನಾ ಏರಿಸಿ, ಬೂಸ್ಟರ್ ಹಾಕಿ, ಆಮೇಲೂ ಗ್ರೇನ್ಸನ್ನೇ ನೋಡುತ್ತಿದ್ದರು.

ಮೊದಮೊದಲು ಇದರಲ್ಲಿ ಬರುತ್ತಿದ್ದದ್ದು ದೆಹಲಿ ಒಂದೇ. ಬೆಂಗಳೂರು ದೂರದರ್ಶನ 1981ರ ನವೆಂಬರ್ 1ಕ್ಕೇ ಶುರುವಾಗಿದ್ದರೂ ಅದರ ಕನ್ನಡ ನಮ್ಮವರೆಗೆ ಬರಲು ಬೇರೆ ಸಂಪರ್ಕವೇ ಆಗಬೇಕಿತ್ತು. ಅಲ್ಲಿಯವರೆಗೆ ಹಿಂದಿ ವಾರ್ತೆ, ಹಿಂದಿ ಧಾರಾವಾಹಿ, ಹಿಂದಿಯಲ್ಲೇ ಬೇಸಾಯದ ಬುದ್ಧಿಮಾತು. ನಮ್ಮಜ್ಜಿ ಒಂದಕ್ಷರ ತಿಳಿಯದೆ ಪೂರ್ತಿ ನೋಡುತ್ತಿದ್ದರು. ಕೊನೆಗೆ ವಾರ್ತೆ ಓದುವ ಹೆಂಗಸಿನ ಸೀರೆಯ ಬಗ್ಗೆ ತೀರ್ಪು.

ಇಷ್ಟು ಎಲ್ಲ ಊರಿನ ಕಥೆ. ಹಾಸನಕ್ಕೆ ಇನ್ನೊಂದು ಸೇರಿಸಬೇಕು. ದೆಹಲಿಯ ಕಾರ್ಯಕ್ರಮ ಈ ಟವರುಗಳಿಗೆಲ್ಲ ತಲುಪುತ್ತಿದ್ದದ್ದು ಇನ್ಸಾಟ್-1ಬಿ ಮೂಲಕ. ಆ ಉಪಗ್ರಹವನ್ನು ಮೂವತ್ತಾರು ಸಾವಿರ ಕಿಲೋಮೀಟರ್ ಮೇಲೆ ಅದರ ಜಾಗದಲ್ಲಿ ಹಿಡಿದಿಟ್ಟಿದ್ದದ್ದು ನಮ್ಮ ಸಾಲಗಾಮೆ ರಸ್ತೆಯ ಎಂಸಿಎಫ್, ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ. ಅದಕ್ಕೆ ಮುಂಚಿನ ಇನ್ಸಾಟ್-1ಎ 1982ರ ಏಪ್ರಿಲ್‌ನಲ್ಲಿ ಹೋಗಿ ಸೆಪ್ಟೆಂಬರಿಗೇ ಕೈಕೊಟ್ಟಿತ್ತು. 1983ರ ಆಗಸ್ಟ್ ಕೊನೆಗೆ ಹಾರಿದ 1ಬಿ ಕೂಡ ಸೌರಫಲಕ ಬಿಚ್ಚಿಕೊಳ್ಳದೆ ಜೀವ ಹಿಂಡಿತು. ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಬಿಚ್ಚಿತು. ಅದು ಬಿಚ್ಚದೇ ಹೋಗಿದ್ದರೆ 1984ರಲ್ಲಿ ಅಷ್ಟೊಂದು ಟವರ್ ನಿಲ್ಲಿಸಿ ಏನು ಮಾಡುತ್ತಿದ್ದರೋ. ಅಂತೂ ದೇಶದ ಸಣ್ಣಸಣ್ಣ ಊರುಗಳಿಗೆ ಟಿವಿ ಹಂಚುತ್ತಿದ್ದ ಉಪಗ್ರಹದ ಹಗ್ಗ ಹಾಸನದ ಕೈಯಲ್ಲಿತ್ತು, ಹಾಸನಕ್ಕೆ ಮಾತ್ರ ತನ್ನ ಭಾಷೆಯಲ್ಲಿ ಒಂದು ಕಾರ್ಯಕ್ರಮವಿರಲಿಲ್ಲ. ಇದರಲ್ಲಿ ಎಂಸಿಎಫ್‌ನವರ ತಪ್ಪೇನೂ ಇಲ್ಲ. ಅವರೂ ಬಂದದ್ದನ್ನು ಸಾಗಿಸುವ ಕಡೆಯವರೇ. ಹಾಗಂತ "ಅವರದೇನಿತ್ತು" ಅಂತ ಅಧ್ಯಕ್ಷರು ಅಲ್ಲಿಗೆ ಹೋಗಿ ಹೇಳಲಿ ನೋಡೋಣ. ಅಲ್ಲಿ ಇವರೇ ಕೈ ಮುಗಿದು ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಸಾಗಿಸುವ ಯಂತ್ರ ಆಕಾಶದಲ್ಲಿದ್ದರೆ ವಿಜ್ಞಾನ, ಊರಂಚಿನ ಕೋಣೆಯಲ್ಲಿದ್ದರೆ ಬರೀ ರಿಲೇ!

ಬುಧವಾರ ಸಂಜೆ ತಡೆಯಲಾರದೆ ಆ ನಿವೃತ್ತರ ಮನೆಗೇ ಹೋದೆ. "ಯಾಕ್ರೀ ಹಾಗಂದ್ರಿ?" ಅಂದರೆ, "ಇದ್ದದ್ದು ಹೇಳ್ದೆ. ಅದಕ್ಯಾಕೆ ಇಷ್ಟು ಬೇಜಾರು ಮಾಡ್ಕೊಂಡ್ರಿ?" ಅಂತ ನನ್ನನ್ನೇ ಕೇಳಿದರು. ಆಮೇಲೆ ಅವರಾಗೇ ಶುರುಮಾಡಿದರು. ಊರಲ್ಲಿ ಕರೆಂಟ್ ಹೋದರೆ ಓಡಿಹೋಗಿ ಜನರೇಟರ್ ಹಾಕಬೇಕಿತ್ತಂತೆ. "ಊರಿಗೂರೇ ಕತ್ತಲು. ನೋಡೋರ ಟಿವಿನೇ ಆಫ್ ಆಗಿರೋದು. ಆದ್ರೂ ನಾವು ಡೀಸೆಲ್ ಸುಟ್ಟು ಬಿಡ್ತಾನೇ ಇರ್ಬೇಕು. ಯಾವ್ದೋ ಹಳ್ಳೀಲಿ ಕರೆಂಟ್ ಇರುತ್ತಲ್ಲ!" ಸಂಜೆಗೆ ಕನ್ನಡ ಬರತೊಡಗಿದ ಮೇಲೆ ಬೆಂಗಳೂರಿನಿಂದ ದೆಹಲಿಗೆ ಬದಲಿಸುವ ಕೆಲಸವೂ ಅವರ ಕೈಯದೇ. ಒಂದೆರಡು ನಿಮಿಷ ಆಚೀಚೆ ಆದರೆ ಫೋನಿನಲ್ಲಿ ಬೈಗುಳ. ಚಿತ್ರಮಂಜರಿಯ ಕೊನೇ ಹಾಡು ನುಂಗಿಹಾಕಿದರು ಅಂತ ಒಬ್ಬರು ಕೊಡೆ ಹಿಡಿದುಕೊಂಡು ಗೇಟಿನವರೆಗೂ ಜಗಳಕ್ಕೆ ಬಂದಿದ್ದರಂತೆ. ಇಷ್ಟೆಲ್ಲ ಹೇಳಿ ಮತ್ತೆ ಅದೇ ಮಾತು: "ಆದ್ರೆ ನಮ್ದು ಅಂತ ಏನೂ ಇರ್ಲಿಲ್ಲ."

1996ರ ಆಗಸ್ಟ್ 15ರ ಮಾತು ಎತ್ತಿದ್ದೂ ಅವರೇ. ಜೂನ್ 1ಕ್ಕೆ ದೇವೇಗೌಡರು ಪ್ರಧಾನಿಯಾಗಿದ್ದರು. ಕೆಂಪುಕೋಟೆಯ ಭಾಷಣಕ್ಕೆ ಹಿಂದಿಯನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಓದಿದರು. ನಮ್ಮ ಜಿಲ್ಲೆಯ ದನಿ ದೆಹಲಿಗೆ ಹೋಗಿ, ಮೇಲಕ್ಕೆ ಹತ್ತಿ, ಇಳಿದು, ಅದೇ ಟವರಿನಿಂದ ನಮ್ಮ ಮನೆಗಳಿಗೆ ಬಂತು. ನಾನು ಆ ಉಚ್ಚಾರಣೆಗೆ ನಕ್ಕವರನ್ನು ಕಂಡಿದ್ದೇನೆ, ನಮ್ಮೂರಿನವರೇ. ಇವರು ಹಿಂದಿನ ರಾತ್ರಿಯೇ ಹೋಗಿ ಡೀಸೆಲ್ ತುಂಬಿಸಿ, ಕೇಬಲ್ ಕನೆಕ್ಟರುಗಳನ್ನೆಲ್ಲ ಬಿಚ್ಚಿ ಒರೆಸಿ ಹಾಕಿ, ಅಲ್ಲೇ ಮಲಗಿದ್ದರಂತೆ. "ಯಾರು ಹೇಳಿದ್ರು ಹಾಗೆ ಮಾಡಿ ಅಂತ?" ಎಂದೆ. "ಯಾರೂ ಹೇಳ್ಲಿಲ್ಲ. ಅವತ್ತು ಕಟ್ಟಾಗಿದ್ರೆ ಊರಲ್ಲಿ ತಲೆ ಎತ್ಕೊಂಡು ಓಡಾಡಕ್ಕಾಗ್ತಿತ್ತಾ?"

ಇದೇ ಅವರದು ಅಂತ ನಾನು ಹೇಳಲಿಲ್ಲ. ಹೇಳಿದ್ದರೆ ಒಪ್ಪುತ್ತಲೂ ಇರಲಿಲ್ಲ.

ಮನೆಗೆ ನಡೆದು ಬರುವಾಗ ನನ್ನದೇ ಲೆಕ್ಕ ತೆಗೆದೆ. ಜೀವಮಾನವಿಡೀ ಪಾಠ ಮಾಡಿದ್ದೇನೆ. ಅದರಲ್ಲಿ ನಾನೇ ಬರೆದ ಒಂದು ಪದ್ಯವಿಲ್ಲ, ನಾನೇ ಕಂಡುಹಿಡಿದ ಒಂದು ಸೂತ್ರವಿಲ್ಲ. ಮೇಲಿನಿಂದ ಬಂದ ಪುಸ್ತಕವನ್ನು ಕೆಳಗೆ ಕೂತ ಮಕ್ಕಳಿಗೆ ದಾಟಿಸಿದೆ. ಹಾಗಿದ್ದೂ ಗುರುಪೂರ್ಣಿಮೆಗೆ ಶಾಲು ಹೊದಿಸುತ್ತಾರೆ, ಶಾಲೆಯ ಇತಿಹಾಸ ನಾನೇ ಬರೆಯಬೇಕು ಅಂತ ಹಟ ಹಿಡಿಯುತ್ತಾರೆ. ಹಾಡು ಕಟ್ಟಿದವರ ಹೆಸರು ಊರಿಗೇ ತಿಳಿಯದ ಸೋಬಾನೆ ಹಾಡುಗಳನ್ನು ಹೇಳುತ್ತಿದ್ದ ನಮ್ಮಜ್ಜಿಯನ್ನೂ ಯಾರೂ "ನಿನ್ನದೇನಿದೆ" ಅಂತ ಕೇಳಲಿಲ್ಲ. ಅಜ್ಜಿ ನಡುವೆ ಒಂದು ಸಾಲು ಬಿಟ್ಟರೆ ಮಾತ್ರ ಹೆಂಗಸರು ಗದರುತ್ತಿದ್ದರು. ದಾಟಿಸುವವರು ನಮಗೆ ಕಾಣುವುದೇ ತಪ್ಪಿದಾಗ. ಟೆಕ್ನಿಷಿಯನ್ ಮಟ್ಟಿಗಂತೂ ಅದು ಅಕ್ಷರಶಃ ನಿಜ, ಪರದೆ ಖಾಲಿಯಾದಾಗಲಷ್ಟೇ ಅಲ್ಲೊಬ್ಬ ಮನುಷ್ಯ ಇದ್ದಾನೆ ಅಂತ ಊರಿಗೆ ನೆನಪಾಗುತ್ತಿತ್ತು.

ಕೇಬಲ್ ಬಂತು, 2004ರ ಕೊನೆಗೆ ದೂರದರ್ಶನದ್ದೇ ಉಚಿತ ಡಿಟಿಎಚ್ ಬಂತು, ಆಂಟೆನಾದ ಕಡ್ಡಿಗಳು ಗುಜರಿಗೆ ಹೋದವು. 2022ರ ಮಾರ್ಚ್ ಹೊತ್ತಿಗೆ ಪ್ರಸಾರ ಭಾರತಿ ಆಯಕಟ್ಟಿನ ಜಾಗದ ಐವತ್ತರಷ್ಟನ್ನು ಉಳಿಸಿಕೊಂಡು ದೇಶದ ಇಂಥ ಹಳೇ ಅನಲಾಗ್ ಟ್ರಾನ್ಸ್‌ಮಿಟರುಗಳನ್ನೆಲ್ಲ ನಿಲ್ಲಿಸಿತು. ಅದು ಸರಿಯಾದ ತೀರ್ಮಾನವೇ. ನೋಡುವವರಿಲ್ಲದ ಚಿತ್ರಕ್ಕೆ ಕರೆಂಟ್ ಬಿಲ್ ಕಟ್ಟುವುದರಲ್ಲಿ ಅರ್ಥವಿಲ್ಲ.

ನಿನ್ನೆ ಅಧ್ಯಕ್ಷರಿಗೆ ಫೋನ್ ಮಾಡಿ ಮತ್ತೆ ಎರಡು ಪುಟ ಕೇಳಿದೆ. ಅರ್ಧ ಪುಟ ಕೊಡುತ್ತಾರಂತೆ, ಕೆಳಗಿನರ್ಧ ಸಿಮೆಂಟ್ ಅಂಗಡಿ ಜಾಹೀರಾತಿಗೆ. ಹಾಗಾದರೆ ಶಾಲೆಯ ಬಗ್ಗೆ ಬೇರೆಯವರಿಂದ ಬರೆಸಿಕೊಳ್ಳಿ ಅಂದೆ. ಯೋಚನೆ ಮಾಡಿ ಹೇಳುತ್ತೇನೆ ಅಂದಿದ್ದಾರೆ. ಟೆಕ್ನಿಷಿಯನ್ನಿಗೆ ಇದು ಗೊತ್ತಾಗಿ, "ನನ್ ಹೆಸರು ಮಾತ್ರ ಹಾಕ್ಬೇಡಿ ಮೇಷ್ಟ್ರೇ, ಜನ ನಗ್ತಾರೆ" ಅಂತ ವಾಟ್ಸಾಪಿನಲ್ಲಿ ಕಳಿಸಿದ್ದಾರೆ. ಅದರ ಕೆಳಗೇ ಇನ್ನೊಂದು: ಕೊಡೆ ಹಿಡಿದುಕೊಂಡು ಜಗಳಕ್ಕೆ ಬಂದವರು ಯಾರು ಅಂತ ನೆನಪಾಯಿತಂತೆ. ಈಗಿನ ಅಧ್ಯಕ್ಷರ ಅಪ್ಪ.