ಬ್ಯಾಗ್ ಕಾಯೋಕೆ ಅಪ್ಪ-ಅಮ್ಮನೇ ಬೇಕಾ?

ಯಾವ ಥೀಮ್ ಪಾರ್ಕಿಗೆ ಹೋದರೂ ಇದು ಕಣ್ಣಿಗೆ ಬೀಳುತ್ತದೆ. ರೋಲರ್ ಕೋಸ್ಟರ್ ಪಕ್ಕ ಒಂದು ಬೆಂಚು, ಅದರ ಮೇಲೆ ವಯಸ್ಸಾದ ಇಬ್ಬರು, ಅವರ ಸುತ್ತ ಮನೆಮಂದಿಯ ಬ್ಯಾಗು, ಟೋಪಿ, ನೀರಿನ ಬಾಟಲಿ. "ನೀವೆಲ್ಲ ಹೋಗ್ಬನ್ನಿ, ನಾವು ಇಲ್ಲೇ ಕೂತಿರ್ತೀವಿ" ಅಂತ ಅವರೇ ಹೇಳಿರುತ್ತಾರೆ, ನಿಜ. ಆದರೆ ಆ ಮಾತನ್ನು ನಾವು ಎಷ್ಟು ಬೇಗ ಒಪ್ಪಿಕೊಂಡುಬಿಡುತ್ತೇವೆ ಅಲ್ವಾ?

ತಮಾಷೆ ಅಂದ್ರೆ, ಈ ಥರದ ಪಾರ್ಕಿನ ಯೋಚನೆ ಹುಟ್ಟಿದ್ದೇ ಇಂಥದ್ದೊಂದು ಬೆಂಚಿನ ಮೇಲಂತೆ. ವಾಲ್ಟ್ ಡಿಸ್ನಿ ತಮ್ಮ ಹೆಣ್ಣುಮಕ್ಕಳನ್ನು ಲಾಸ್ ಏಂಜಲೀಸ್‌ನ ಗ್ರಿಫಿತ್ ಪಾರ್ಕಿಗೆ ಕರೆದುಕೊಂಡು ಹೋಗುತ್ತಿದ್ದರು. ಮಕ್ಕಳು ಮೆರ್ರಿ ಗೋ ರೌಂಡ್ ಮೇಲೆ, ಅಪ್ಪ ಬೆಂಚಿನ ಮೇಲೆ. ದೊಡ್ಡವರೂ ಮಕ್ಕಳೂ ಒಟ್ಟಿಗೆ ಆಡೋ ಜಾಗ ಒಂದು ಇರಬೇಕು ಅಂತ ಅನ್ನಿಸಿದ್ದು ಅಲ್ಲಿಯೇ ಅಂತ ಆಮೇಲೆ ಅವರೇ ಹೇಳಿಕೊಂಡಿದ್ದಾರೆ. 1955ರಲ್ಲಿ ಡಿಸ್ನಿಲ್ಯಾಂಡ್ ಶುರುವಾಯಿತು. ಇಷ್ಟು ವರ್ಷ ಆದಮೇಲೂ ನಾವು ಅಪ್ಪ-ಅಮ್ಮನನ್ನು ಬೆಂಚಿನ ಮೇಲೆ ಕೂರಿಸಿ ಓಡುತ್ತೇವೆ.

ನನ್ನ ಪ್ರಕಾರ ವಯಸ್ಸಾದವರಿಗೆ ಪಾರ್ಕಿನಲ್ಲಿ ಕಷ್ಟ ಕೊಡೋದು ರೈಡುಗಳಲ್ಲ, ಕ್ಯೂ. ನಡೆಯೋದಕ್ಕಿಂತ ನಿಲ್ಲೋದೇ ಅವರಿಗೆ ಜಾಸ್ತಿ ಸುಸ್ತು. ನಡೆಯುವಾಗ ಮೀನಖಂಡದ ಸ್ನಾಯುಗಳು ಕಾಲಿನ ರಕ್ತವನ್ನು ಮೇಲಕ್ಕೆ ಒತ್ತುತ್ತಾ ಇರುತ್ತವೆ. ಅಲ್ಲಾಡದೆ ನಿಂತರೆ ರಕ್ತ ಕೆಳಗೇ ಉಳಿಯುತ್ತದೆ. ಬಿಪಿ ಮಾತ್ರೆ ತಗೊಳ್ಳೋರಾದರೆ ತಲೆ ಸುತ್ತೋದು ಇನ್ನೂ ಸುಲಭ. ಅದಕ್ಕೇ ಪಾರ್ಕಿನ ಆ್ಯಪ್‌ನಲ್ಲಿ ಕ್ಯೂ ಎಷ್ಟು ಹೊತ್ತು ಅಂತ ನೋಡುವ ಕೆಲಸ ಒಬ್ಬರಿಗೆ ವಹಿಸಿಬಿಡಿ. ಮುಂಚೆಯೇ ಸಮಯ ಕಾಯ್ದಿರಿಸಿ ಆಮೇಲೆ ಬರುವ ವ್ಯವಸ್ಥೆ ಇದ್ದರೆ ಅದನ್ನು ಬಳಸಿ. ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿದ್ದರೆ ಮೊದಲ ಗಂಟೆಯಲ್ಲಿ ಆಗುವಷ್ಟು ರೈಡು ಮಧ್ಯಾಹ್ನ ಪೂರ್ತಿ ನಿಂತರೂ ಆಗಲ್ಲ.

ಈಗ ವೀಲ್‌ಚೇರ್ ವಿಷಯ. ದೊಡ್ಡ ಪಾರ್ಕುಗಳಲ್ಲಿ ಒಂದು ದಿನಕ್ಕೆ ಹತ್ತು ಕಿಲೋಮೀಟರ್ ನಡಿಗೆ ಅನ್ನೋದು ಮಾಮೂಲಿ. ಆದರೆ ಬಾಡಿಗೆಗೆ ವೀಲ್‌ಚೇರ್ ತಗೊಳ್ಳೋಣ ಅಂದರೆ "ನಾನೇನು ರೋಗಿನಾ?" ಅಂತ ನಮ್ಮಪ್ಪ ಮುಖ ಗಂಟು ಹಾಕಿಕೊಳ್ಳುತ್ತಾರೆ. ನಾನು ವಾದ ಮಾಡಲ್ಲ. ಗೇಟಿನಲ್ಲೇ ಒಂದು ತಗೊಂಡು ಎಲ್ಲರ ಬ್ಯಾಗನ್ನೂ ಅದರ ಮೇಲೆ ಹೇರಿ, "ಅಪ್ಪಾ, ಇದನ್ನ ಸ್ವಲ್ಪ ತಳ್ಳಿ" ಅಂತ ಅವರ ಕೈಗೇ ಕೊಡುತ್ತೇನೆ. ಬೆಳಿಗ್ಗೆಯೆಲ್ಲ ಗತ್ತಿನಿಂದ ತಳ್ಳುತ್ತಾರೆ. ಹಿಡಿ ಹಿಡಿದು ನಡೆಯೋದರಿಂದ ಮಂಡಿಗೂ ಒಂದಿಷ್ಟು ಆಸರೆ ಸಿಗುತ್ತದೆ. ಬಿಸಿಲು ಏರಿದಮೇಲೆ ಯಾರೂ ಹೇಳದೆ ಬ್ಯಾಗುಗಳು ನಮ್ಮ ಹೆಗಲಿಗೆ ಬರುತ್ತವೆ, ಅಪ್ಪ ಅದರಲ್ಲಿ ಕೂತಿರುತ್ತಾರೆ. ಅದರ ಬಗ್ಗೆ ಮಾತೇ ಇಲ್ಲ! ಒಂದು ಮಾತು, ವೀಲ್‌ಚೇರ್ ಇದ್ದ ಮಾತ್ರಕ್ಕೆ ಕ್ಯೂ ತಪ್ಪುತ್ತೆ ಅಂದುಕೊಳ್ಳಬೇಡಿ. ಎಷ್ಟೋ ಕಡೆ ಅದು ಮಾಮೂಲಿ ಕ್ಯೂನಲ್ಲೇ ಹೋಗಬೇಕು.

ರೈಡುಗಳ ಮುಂದೆ ಒಂದು ಬೋರ್ಡ್ ಇರುತ್ತದೆ. ಹೃದಯದ ತೊಂದರೆ, ಬಿಪಿ, ಬೆನ್ನು-ಕುತ್ತಿಗೆ ನೋವು, ಈಚೆಗೆ ಆಪರೇಷನ್ ಆದವರು ಹತ್ತಬೇಡಿ ಅಂತ. "ಬಿಪಿ ಕಂಟ್ರೋಲಲ್ಲಿದೆ ಬಿಡೋ" ಅನ್ನೋ ಅಪ್ಪಂದಿರ ಜೊತೆ ಅಲ್ಲಿ ನಿಂತು ಜಗಳ ಆಡೋದು ವ್ಯರ್ಥ, ಹೊರಡೋ ಮುಂಚೆಯೇ ಡಾಕ್ಟರ್ ಹತ್ತಿರ ಕೇಳಿಸಿಬಿಡಿ. ಪೇಸ್‌ಮೇಕರ್ ಇದ್ದರಂತೂ ಕೇಳಲೇಬೇಕು, ಕೆಲವು ಕೋಸ್ಟರ್‌ಗಳಲ್ಲಿ ಬಲವಾದ ಅಯಸ್ಕಾಂತಗಳಿರುತ್ತವೆ.

ಬೋರ್ಡಿನಲ್ಲಿ ಬರೆಯದ ಸಂಗತಿಗಳೂ ಇವೆ. ದೋಣಿ ರೈಡು ನೋಡೋಕೆ ಬಲು ಸಾಧು. ಆದರೆ ಹತ್ತುವಾಗ ಗಮನಿಸಿ, ದೋಣಿಯ ತಳ ಕಟ್ಟೆಗಿಂತ ಕೆಳಗಿರುತ್ತದೆ, ಸೀಟು ಇನ್ನೂ ತಗ್ಗು, ಕಾಲಿಟ್ಟ ಕೂಡಲೇ ದೋಣಿ ಓಲಾಡುತ್ತದೆ. ಇಳಿಯುವಾಗ ಆ ತಗ್ಗಿನಿಂದ ಒಂದೇ ಮಂಡಿಯ ಮೇಲೆ ಇಡೀ ಮೈಭಾರ ಎತ್ತಬೇಕು. ರೈಡು ಹತ್ತು ನಿಮಿಷ, ಮಂಡಿ ನೋವು ಮೂರು ದಿನ. ಇನ್ನು ಕೆಲವು ರೈಡುಗಳಲ್ಲಿ ಗಾಡಿ ನಿಲ್ಲೋದೇ ಇಲ್ಲ, ಚಲಿಸೋ ಪಟ್ಟಿಯ ಮೇಲೆ ನಡೆದು ಹತ್ತಬೇಕು. ಅಲ್ಲಿನ ಸಿಬ್ಬಂದಿಗೆ ಮೊದಲೇ ಹೇಳಿದರೆ ಎಷ್ಟೋ ಕಡೆ ನಿಧಾನ ಮಾಡುತ್ತಾರೆ, ನಿಲ್ಲಿಸುವುದೂ ಉಂಟು. ಕೇಳೋಕೆ ನಾಚಿಕೆ ಬೇಡ. ಇಡೀ ಸಾಲಿಗೆ ಒಂದೇ ಕಂಬಿ ತೊಡೆಯ ಮೇಲೆ ಬರೋ ರೈಡಾದರೆ, ಸಣಕಲು ಅಮ್ಮನ ಪಕ್ಕ ದಪ್ಪ ಹೊಟ್ಟೆಯ ಮಗ ಕೂರಬಾರದು. ಕಂಬಿ ಹೊಟ್ಟೆಗೆ ತಾಗಿ ಅಲ್ಲೇ ನಿಲ್ಲುತ್ತದೆ, ಅಮ್ಮನಿಗೆ ಹಿಡಿತವೇ ಇರಲ್ಲ. ಕತ್ತಲೆಯ ರೈಡಿಗೆ ಹೋಗುವಾಗ ಬಾಗಿಲಲ್ಲಿ ಒಂದು ನಿಮಿಷ ನಿಲ್ಲಿಸಿ. ವಯಸ್ಸಾದ ಕಣ್ಣು ಕತ್ತಲೆಗೆ ಹೊಂದಿಕೊಳ್ಳೋಕೆ ಜಾಸ್ತಿ ಹೊತ್ತು ಬೇಕು.

ಪರದೆಯ ಮುಂದೆ ಕೂರಿಸಿ ಕುರ್ಚಿ ಅಲ್ಲಾಡಿಸೋ ಸಿಮ್ಯುಲೇಟರ್‌ಗಳನ್ನು "ಇದು ಪರವಾಗಿಲ್ಲ, ಸುಮ್ನೆ ಸಿನಿಮಾ ಥರ" ಅಂತ ಹಿರಿಯರಿಗೆ ಶಿಫಾರಸು ಮಾಡೋರಿದ್ದಾರೆ. ನಾನು ಮಾಡಲ್ಲ. ಕಣ್ಣು ಓಡ್ತಾ ಇದ್ದೀವಿ ಅನ್ನುತ್ತದೆ, ಒಳಕಿವಿ ಇಲ್ಲ ಅನ್ನುತ್ತದೆ. ಈ ಜಗಳದಿಂದಲೇ ಹೊಟ್ಟೆ ತೊಳಸೋದು. ತಡೆಯೋಕಾಗದಿದ್ದರೆ ಕಣ್ಣು ಮುಚ್ಚಿಕೊಳ್ಳಿ ಅಂತ ಮೊದಲೇ ಹೇಳಿಡಿ.

ನೀರು. ವಯಸ್ಸಾದಂತೆ ಬಾಯಾರಿಕೆ ಗೊತ್ತಾಗೋದೇ ಕಮ್ಮಿ. ಅದರ ಜೊತೆಗೆ ಟಾಯ್ಲೆಟ್ ಹುಡುಕಬೇಕಲ್ಲ ಅಂತ ಅಮ್ಮ ಬೇಕಂತಲೇ ನೀರು ಕುಡಿಯಲ್ಲ. ಡಿಸ್ನಿಲ್ಯಾಂಡ್ ತೆರೆಯುವ ಹೊತ್ತಿಗೆ ಪ್ಲಂಬರ್‌ಗಳ ಮುಷ್ಕರ ಇತ್ತಂತೆ. ಕುಡಿಯೋ ನೀರಿನ ನಲ್ಲಿ, ಟಾಯ್ಲೆಟ್ ಎರಡನ್ನೂ ಸಿದ್ಧ ಮಾಡೋಕೆ ಸಮಯ ಇರಲಿಲ್ಲ, ಡಿಸ್ನಿ ಟಾಯ್ಲೆಟ್ ಆರಿಸಿಕೊಂಡರು. ಉರಿ ಬಿಸಿಲಿನಲ್ಲಿ ಜನ ಬೈದುಕೊಂಡರು. ನಮ್ಮಮ್ಮನನ್ನು ಕೇಳಿದರೆ ಡಿಸ್ನಿ ಮಾಡಿದ್ದೇ ಸರಿ ಅನ್ನುತ್ತಾರೆ! ಮ್ಯಾಪ್ ಸಿಕ್ಕಿದ ಕೂಡಲೇ ಟಾಯ್ಲೆಟ್‌ಗಳು ಎಲ್ಲೆಲ್ಲಿವೆ ಅಂತ ಅಮ್ಮನಿಗೆ ತೋರಿಸಿಬಿಡಿ, ನೀರು ತಾನಾಗಿ ಒಳಗೆ ಹೋಗುತ್ತದೆ.

ಹಾಗಾದರೆ ಅವರು ಏನು ಮಾಡಬೇಕು? ಪಾರ್ಕ್ ಸುತ್ತೋ ರೈಲು, ಜಯಂಟ್ ವೀಲ್, ಷೋಗಳು, ಮೆರವಣಿಗೆ. ಮೆರ್ರಿ ಗೋ ರೌಂಡ್‌ನಲ್ಲಿ ಕುದುರೆಗಳ ಮಧ್ಯೆ ರಥದ ಥರದ ಸೀಟು ಇರುತ್ತದಲ್ಲ, ಕಾಲೆತ್ತಿ ಹತ್ತೋ ಗೋಜಿಲ್ಲ. ಜಯಂಟ್ ವೀಲ್ ಅಂತೂ ಹುಟ್ಟಿದಾಗಿನಿಂದಲೂ ದೊಡ್ಡವರದ್ದೇ. 1893ರಲ್ಲಿ ಷಿಕಾಗೋದ ಮೇಳಕ್ಕೆ ಜಾರ್ಜ್ ಫೆರಿಸ್ ಕಟ್ಟಿದ ಮೊದಲನೆಯದು 264 ಅಡಿ ಎತ್ತರ ಇತ್ತು, 36 ಡಬ್ಬಿಗಳು, ಒಂದೊಂದರಲ್ಲೂ 60 ಜನ. ಮೇಲಿಂದ ಊರು ನೋಡೋದೇ ಅದರ ಆಟ.

ಹತ್ತದೇ ನೋಡೋದರಲ್ಲೂ ಮಜಾ ಇದೆ, ಅದು ನನಗೆ ಗೊತ್ತಾಗಿದ್ದು ಅಪ್ಪನಿಂದ. ಕೋಸ್ಟರ್ ಮೊದಲ ದಿಬ್ಬ ಏರುವಾಗ ಟಕ್ ಟಕ್ ಟಕ್ ಅಂತ ಸದ್ದು ಬರುತ್ತದಲ್ಲ, ಚೈನ್ ತುಂಡಾದರೂ ಗಾಡಿ ಹಿಂದಕ್ಕೆ ಜಾರದ ಹಾಗೆ ಹಳಿಯ ಹಲ್ಲುಗಳಿಗೆ ಗಾಡಿಯ ಕೊಕ್ಕೆ ಬೀಳೋ ಸದ್ದು ಅದು. ಮೇಲೆ ಹೋದಮೇಲೆ ಇಂಜಿನ್ನೂ ಇಲ್ಲ, ಏನೂ ಇಲ್ಲ, ಬರೀ ಇಳಿಜಾರಿನ ಓಟ. ಅದಕ್ಕೇ ಮುಂದಿನ ದಿಬ್ಬಗಳು ಮೊದಲನೆಯದಕ್ಕಿಂತ ಗಿಡ್ಡ. ಇದನ್ನು ಅಪ್ಪ ಕೆಳಗೆ ನಿಂತು ಯಾರೋ ಗುರುತಿಲ್ಲದ ಹುಡುಗನಿಗೆ ವಿವರಿಸುತ್ತಿದ್ದರು, ಹುಡುಗ ಹೂಂ ಹೂಂ ಅಂತಿದ್ದ. ಆದ್ದರಿಂದ ಬೆಂಚು ಬೇಡ ಅಂತಲ್ಲ, ಬೆಂಚು ಎಲ್ಲಿದೆ ಅನ್ನೋದು ಮುಖ್ಯ. ನೆರಳು ಬೇಕು, ನೋಡೋಕೆ ಏನಾದರೂ ಬೇಕು, ಜೊತೆಗೆ ನಮ್ಮಲ್ಲಿ ಒಬ್ಬರು ಸರದಿ ಮೇಲೆ ಇರಬೇಕು. ಬ್ಯಾಗಿಗೆ ಲಾಕರ್ ಇದೆ.

ಬೇರೆ ಬೇರೆ ಆಗಲೇಬೇಕಾದರೆ ಫೋನನ್ನೇ ನಂಬಬೇಡಿ, ಆ ಗದ್ದಲದಲ್ಲಿ ರಿಂಗ್ ಕೇಳಿಸಲ್ಲ. ಜಾಗ, ಹೊತ್ತು ಎರಡನ್ನೂ ಗೊತ್ತು ಮಾಡಿಕೊಳ್ಳಿ.

"ನಿಂಗೆ ಸುಸ್ತಾಯ್ತಾ?" ಅಂತ ಅಮ್ಮ ಕೇಳಿದರೆ ಅವರಿಗೆ ಸುಸ್ತಾಗಿದೆ ಅಂತ ಅರ್ಥ, ಆವಾಗಲೇ ಹೊರಡಿ. ಯಾಕಂದ್ರೆ ಗೇಟಿನಿಂದ ಪಾರ್ಕಿಂಗ್‌ವರೆಗೆ ಇನ್ನೊಂದು ನಡಿಗೆ ಬಾಕಿ ಇರುತ್ತದೆ. ಬೆಳಿಗ್ಗೆ ಕಾರು ನಿಲ್ಲಿಸಿದ ಸಾಲಿನ ನಂಬರಿನ ಫೋಟೋ ತೆಗೆದಿಟ್ಟುಕೊಂಡಿದ್ದರೆ, ಅವರನ್ನು ಗೇಟಿನಲ್ಲೇ ಕೂರಿಸಿ ಕಾರನ್ನು ಅಲ್ಲಿಗೇ ತರಬಹುದು.