ಎರಡು ಪ್ಲೇಟ್ ಸೇರಿಸಿದರೆ ಆಯ್ತಾ?

ಹಿಂಭಾಗ ಕುಸಿದ ಗಾಡಿ ಬಂದರೆ ಎಲ್ಲರ ಬಾಯಲ್ಲೂ ಒಂದೇ ಮದ್ದು: ಸ್ಪ್ರಿಂಗ್ ಸೆಟ್ಟಿಗೆ ಇನ್ನೆರಡು ಪ್ಲೇಟ್ ಸೇರಿಸಿ. ನಮ್ಮ ಓನರ್ ಅಂತೂ ಗಾಡಿ ಕೆಳಗೆ ಬಗ್ಗಿ ನೋಡೋಕೆ ಮುಂಚೆಯೇ ಹೇಳಿಬಿಡುತ್ತಾರೆ.

ತುಮಕೂರಿನ ಅಂತರಸನಹಳ್ಳಿ ಕಡೆಯ ನಮ್ಮ ಶೆಡ್‌ಗೆ ಬಂದದ್ದು ಹಳೇ ಟಿಟಿ, ಅಂದರೆ ಟೆಂಪೋ ಟ್ರಾವೆಲರ್. ಸೀಟು ಕಿತ್ತು ಕ್ಯಾಂಪರ್ ಮಾಡಿದ್ದರು. ಮಂಚ, ಅಡುಗೆ ಕಟ್ಟೆ, ಬ್ಯಾಟರಿ, ಮೇಲೆ ಸೋಲಾರ್. 200 ಲೀಟರ್ ನೀರಿನ ಟ್ಯಾಂಕ್ ಮಾತ್ರ ಹಿಂದಿನ ಬಾಗಿಲ ಹತ್ತಿರ, ಆಕ್ಸಲ್‌ಗಿಂತ ಆಚೆ. ಅಲ್ಲಿಟ್ಟ 200 ಕೆಜಿ ಮುಂದಿನ ಚಕ್ರವನ್ನು ಹಗುರ ಮಾಡುತ್ತದೆ, ಆ ಭಾರವೂ ಹಿಂದಿನ ಆಕ್ಸಲ್ ಮೇಲೇ ಬೀಳುತ್ತದೆ. ತೂಕ ಹಾಕಿಸೋಣ ಅಂದೆ. 'ತೂಕ ಏನ್ ನೋಡ್ತೀಯ ಬಿಡಯ್ಯ, ಪ್ಲೇಟ್ ಹಾಕಿ ಕಳ್ಸು' ಅಂದರು ಓನರ್. ಆದರೂ ಊಟದ ಹೊತ್ತಲ್ಲಿ ಗಾಡಿಯನ್ನು ವೇಬ್ರಿಡ್ಜ್‌ಗೆ ಒಯ್ದು ಹಿಂದಿನ ಚಕ್ರ ಮಾತ್ರ ಹತ್ತಿಸಿ ಚೀಟಿ ತಂದೆ. ಆ ಚೀಟಿ ನೋಡಿದ ಮೇಲೆ ಗಾಡಿ ಯಜಮಾನರೇ ಟ್ಯಾಂಕನ್ನು ಮಧ್ಯಕ್ಕೆ ತರಲು ಒಪ್ಪಿದರು.

ಪ್ಲೇಟಿನ ದಪ್ಪ ತಮಾಷೆ ಅಲ್ಲ. 8 ಮಿ.ಮೀ. ಜಾಗದಲ್ಲಿ 10 ಹಾಕಿದರೆ ಆ ಒಂದು ಪ್ಲೇಟ್ ಹೆಚ್ಚು ಕಡಿಮೆ ಎರಡರಷ್ಟು ಗಟ್ಟಿ. ಹಾಗಾಗಿ ಪ್ಲೇಟ್ ಸೇರಿಸಿದರೂ ಸುಮ್ನೆ ತುರುಕಲಿಲ್ಲ. ಸೆಟ್ ಪೂರ್ತಿ ಬಿಚ್ಚಿ ಕಮಾನು ಏರಿಸಿ, ಹೊಸ ಬುಶ್, ಹೊಸ ಶ್ಯಾಕಲ್ ಪಿನ್, ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಹೊಸ ಯು ಬೋಲ್ಟ್ ಹಾಕಿದೆವು. ಯಜಮಾನರು ಉದ್ದದ ಮಾಡೆಲ್‌ನ ಆಕ್ಸಲ್ ಒಂದನ್ನು ಗುಜರಿಯಿಂದ ತಂದಿದ್ದರು. ರೇಶಿಯೋ, ಅಂದರೆ ಚಕ್ರದ ಒಂದು ಸುತ್ತಿಗೆ ಶಾಫ್ಟ್ ಎಷ್ಟು ಸುತ್ತು ಅನ್ನೋದು, ಹೊಂದುತ್ತದಾ ಅಂತ ನೋಡಿದ್ದು ಸೀಮೆಸುಣ್ಣದಲ್ಲಿ. ಒಂದು ಚಕ್ರ ಹಿಡಿದು ಇನ್ನೊಂದನ್ನು ಎರಡು ಪೂರ್ತಿ ಸುತ್ತು ತಿರುಗಿಸಿ, ಶಾಫ್ಟ್ ಸೇರುವ ಫ್ಲಾಂಜ್ ಎಷ್ಟು ಸುತ್ತು ಬಂತು ಅಂತ ಎಣಿಸಿದರೆ ಮುಗಿಯಿತು. ಹಳೆಯದಕ್ಕೂ ಅದಕ್ಕೂ ಸರಿಹೋಯ್ತು, ಏರಿಸಿದೆವು. ಆಕ್ಸಲ್ ದೊಡ್ಡದಾಯ್ತು ಅಂತ ಆರ್‌ಸಿಯಲ್ಲಿರೋ ಒಟ್ಟು ತೂಕ ಜಾಸ್ತಿ ಆಗಲ್ಲ ಸಾರ್ ಅಂತಲೂ ಹೇಳಿದೆ. ತಲೆ ಆಡಿಸಿದರು.

ಹೈವೇ ಟ್ರಯಲ್ ಚೆನ್ನಾಗಿಯೇ ಆಯಿತು. ಗಾಡಿ ನೆಟ್ಟಗೆ ನಿಂತಿತ್ತು, ಓಲಾಡಲಿಲ್ಲ. ಇನ್ನು ಲೋಡ್ ಟ್ರಯಲ್ ಒಂದೇ ಬಾಕಿ. ಟ್ಯಾಂಕ್ ತುಂಬಿಸಿ ದೇವರಾಯನದುರ್ಗ ಹತ್ತಿಸಿದೆ, ಪಕ್ಕದಲ್ಲಿ ಹೆಲ್ಪರ್ ಹುಡುಗ. ಹತ್ತುವಾಗ ಖುಷಿಯೋ ಖುಷಿ. ಇಳಿಯುವಾಗ ಮೂರನೇ ಗೇರಲ್ಲೇ ಬಿಟ್ಟೆ, ಬ್ರೇಕೂ ಚೆಕ್ ಆಗಲಿ ಅಂತ. ಕೆಲವು ತಿರುವು ಕಳೆಯುವಷ್ಟರಲ್ಲಿ ಸುಟ್ಟ ವಾಸನೆ. ಪೆಡಲ್ ಗಟ್ಟಿಯಾಗಿಯೇ ಇದೆ, ಕಾಲು ಪೂರ್ತಿ ಒತ್ತಿದೆ, ಗಾಡಿ ಮಾತ್ರ ಹಿಡಿಯುತ್ತಿಲ್ಲ. ಮುಂದೆ ರಸ್ತೆ ಮಧ್ಯೆ ಕೋತಿಗಳು, ಅವುಗಳಿಗೆ ಕಡಲೆಕಾಯಿ ಹಾಕಲು ಕಾರು ನಿಲ್ಲಿಸಿಕೊಂಡ ಒಂದು ಸಂಸಾರ. ಹುಡುಗ ಮಾತು ನಿಲ್ಲಿಸಿ ಡ್ಯಾಶ್‌ಬೋರ್ಡ್ ಹಿಡಿದುಕೊಂಡ. ಎರಡನೇ ಗೇರಿಗೆ ಎಳೆದೆ, ಇಂಜಿನ್ ಅರಚಿತು. ಹಾರ್ನ್ ಮೇಲೆ ಒಂದು ಕೈ ಇಟ್ಟು ಹ್ಯಾಂಡ್‌ಬ್ರೇಕನ್ನು ಒಂದೊಂದೇ ಹಲ್ಲು ಎಳೆದೆ. ಆಗ ಹಿಡಿಯಿತು ನೋಡಿ. ಕಾರಿಗೆ ಇನ್ನೂ ಜಾಗ ಇತ್ತು, ಆದರೆ ಆ ಜಾಗವನ್ನು ನಾನು ಈಗಲೂ ಸರಿಯಾಗಿ ಅಳೆದು ಹೇಳಲಾರೆ.

ಮುಂದಿನ ಚಕ್ರದಿಂದ ಹೊಗೆ. ಹುಡುಗ ಹಿಂದೆ ಹೋಗಿ ಡ್ರಮ್ ಹತ್ತಿರ ಕೈ ಹಿಡಿದ. 'ಅಣ್ಣಾ, ಇಲ್ಲಿ ಸುಮ್ನೆ ಬೆಚ್ಚಗಿದೆ ಅಷ್ಟೇ.'

ಅಲ್ಲೇ ಹೊಳೆಯಿತು. ಲೋಡ್ ವಾಲ್ವ್! ಚಾಸಿಯಿಂದ ಆಕ್ಸಲ್‌ಗೆ ಒಂದು ಕಡ್ಡಿ ಇರುತ್ತದಲ್ಲ, ಬಾಡಿ ಕೆಳಗಿಳಿದಷ್ಟೂ ಹಿಂದಿನ ಬ್ರೇಕಿಗೆ ಪ್ರೆಶರ್ ಬಿಡೋದು ಅದೇ. ನಾವು ಗಾಡಿ ಎತ್ತರಿಸಿ ಕಡ್ಡಿಯನ್ನು ಹಳೇ ಅಳತೆಯಲ್ಲೇ ಬಿಗಿದಿದ್ದೆವು. ತುಂಬಿದ ಗಾಡಿ ವಾಲ್ವ್‌ನ ಲೆಕ್ಕದಲ್ಲಿ ಖಾಲಿ ಗಾಡಿ. ಬ್ರೇಕ್ ಹಿಡಿಯುವ ಇಡೀ ಭಾರ ಮುಂದಿನ ಪ್ಯಾಡ್ ಮೇಲೆ ಬಿದ್ದಿತ್ತು.

ವಾಲ್ವ್ ಕೂರುವ ಬ್ರಾಕೆಟ್ ಇಳಿಸಿದರೆ ಸಾಕು ಅಂದರು ಓನರ್. ಸಾಕಾಗಲ್ಲ. ಪ್ಲೇಟ್ ಸೇರಿದ ಸ್ಪ್ರಿಂಗ್ ಗಟ್ಟಿ, ಅದೇ ಭಾರಕ್ಕೆ ಕಡಿಮೆ ಇಳಿಯುತ್ತದೆ, ವಾಲ್ವ್ ಆಗಲೂ ಕಮ್ಮಿಯೇ ಬಿಡುತ್ತದೆ. ತುಂಬಿದ ಗಾಡಿಗೆ ಗೇಜ್ ಹಚ್ಚಿ ಹಿಂದಿನ ಲೈನಿನ ಪ್ರೆಶರ್ ನೋಡಿಯೇ ಸೆಟ್ ಮಾಡಬೇಕು. ನಮ್ಮ ಶೆಡ್ಡಲ್ಲಿ ಆಯುಧಪೂಜೆಗೆ ಹೂವಿಗೆ ದುಡ್ಡಿದೆ, ಗೇಜಿಗೆ ಇಲ್ಲ. ಪರಿಚಯದ ಬಸ್ ಮೆಕ್ಯಾನಿಕ್ ಹತ್ತಿರ ಕೇಳಿ ತಂದು ಸೆಟ್ ಮಾಡಿ, ಪ್ಯಾಡ್ ಬದಲಿಸಿ ಮತ್ತೆ ಅದೇ ಇಳಿಜಾರಿಗೆ ಹೋದೆ. ಈ ಸಲ ಎರಡನೇ ಗೇರಲ್ಲಿ. ಕೆಳಗೆ ಬಂದು ನೋಡಿದರೆ ಹಿಂದಿನ ಡ್ರಮ್ಮೂ ಕೈ ಇಡಲಾಗದಷ್ಟು ಬಿಸಿ.

ಈಗ ಹಿಂದಿನ ಎತ್ತರ ಬದಲಾಗುವ ಯಾವ ಕೆಲಸ ಬಂದರೂ ಜಾಬ್ ಕಾರ್ಡಲ್ಲಿ 'ವಾಲ್ವ್ ಸೆಟ್ಟಿಂಗ್' ಅಂತ ಕೈಯಲ್ಲೇ ಬರೆಯುತ್ತೇನೆ. ಬಿಲ್ಲು ಜಾಸ್ತಿ ಕಾಣುತ್ತದೆ ಅಂತ ಓನರ್ ಅದನ್ನು ಹೊಡೆದು ಹಾಕುತ್ತಾರೆ. ಕೆಲಸವನ್ನು ಮಾತ್ರ ನಾನು ಬಿಡೋದಿಲ್ಲ.

ಟಿಟಿ ಯಜಮಾನರಿಗೆ 500 ಕಿ.ಮೀ. ಓಡಿದ ಮೇಲೆ ಬನ್ನಿ, ಯು ಬೋಲ್ಟ್ ಮತ್ತೆ ಟೈಟ್ ಮಾಡಬೇಕು ಅಂದಿದ್ದೆ. ಗೋಕರ್ಣದ ಬೀಚಿಂದ ಗಾಡಿ ಫೋಟೋ ಕಳಿಸಿದರು. ಅಲ್ಲೇ ಯಾವುದಾದರೂ ಗ್ಯಾರೇಜಲ್ಲಿ ಟೈಟ್ ಮಾಡಿಸಿ ಸಾರ್ ಅಂತ ಮೆಸೇಜ್ ಹಾಕಿದೆ. ಹೆಬ್ಬೆರಳು ಬಂತು, ಗಾಡಿ ಇನ್ನೂ ಬಂದಿಲ್ಲ.