ಅಮ್ಮನ ಫೋನ್ ಹತ್ತದ ಉಬುಂಟು

ಮೊದಲ ವಾರ ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ. ತುಮಕೂರಿನಿಂದ ಅಮ್ಮ ಎರಡು ದಿನ ಫೋನ್ ಮಾಡಿದ್ದಾರೆ, ಹತ್ತಿಲ್ಲ. ಮೂರನೇ ದಿನ ಅವರು ಅಕ್ಕನಿಗೆ ಹೇಳಿ, ಅಕ್ಕ ನನ್ನ ಹೆಂಡತಿಗೆ ಮಾಡಿ, ಇವಳು ಅಡುಗೆಮನೆಯಿಂದಲೇ ಕೂಗಿದಳು. "ರೀ, ನಿಮ್ಮ ಫೋನ್‌ಗೆ ಏನಾಗಿದೆ? ಅತ್ತೆ ಗಾಬರಿ ಆಗಿದ್ದಾರೆ." ಫೋನ್ ನನ್ನ ಕೈಯಲ್ಲೇ ಇತ್ತು. ಸಿಗ್ನಲ್ ಕಡ್ಡಿ ಪೂರ್ತಿ ಇತ್ತು, ನೆಟ್ ಜುಮ್ ಅಂತ ಓಡುತ್ತಿತ್ತು. ಕರೆ ಮಾತ್ರ ಒಳಗೆ ಬರುತ್ತಿರಲಿಲ್ಲ.

ಆ ಫೋನಿನಲ್ಲಿ ಇರೋದು ಉಬುಂಟು ಟಚ್. ಲ್ಯಾಪ್‌ಟಾಪ್‌ಗೆ ಹಾಕಿಕೊಳ್ಳುತ್ತಾರಲ್ಲ, ಆ ಉಬುಂಟುವಿನ ತಮ್ಮ. ಫೋನಿನಲ್ಲಿ ಗೂಗಲ್‌ನ ಆಂಡ್ರಾಯ್ಡ್ ಬದಲು ಹಾಕಿಕೊಳ್ಳೋದು. ಇದರ ಜಾತಕ ಸ್ವಲ್ಪ ವಿಚಿತ್ರ. 2013ರಲ್ಲಿ ಉಬುಂಟು ಮಾಡೋ ಕೆನಾನಿಕಲ್ ಕಂಪನಿ ಉಬುಂಟು ಎಡ್ಜ್ ಅನ್ನೋ ಫೋನ್ ಮಾಡ್ತೀವಿ ಅಂತ ಜನರ ಹತ್ತಿರ 3.2 ಕೋಟಿ ಡಾಲರ್ ಕೇಳಿತು. ಒಂದು ತಿಂಗಳಲ್ಲಿ 1.28 ಕೋಟಿ ಬಂತು. ಆ ಕಾಲಕ್ಕೆ ಅದು ದೊಡ್ಡ ದಾಖಲೆಯೇ, ಆದರೆ ಗುರಿ ಮುಟ್ಟದ ಕಾರಣ ದುಡ್ಡು ವಾಪಸ್, ಫೋನ್ ಇಲ್ಲ. 2015ರಲ್ಲಿ ಸ್ಪೇನ್‌ನ ಬಿಕ್ಯೂ ಕಂಪನಿ ಜೊತೆ ಸೇರಿ ನಿಜವಾದ ಫೋನ್ ತಂದರು. 2017ರ ಏಪ್ರಿಲ್‌ನಲ್ಲಿ, ಸಾಕಪ್ಪಾ ಅಂತ ಕೈ ಬಿಟ್ಟರು. ಅಲ್ಲಿಗೆ ಕಥೆ ಮುಗೀಬೇಕಿತ್ತು. ಆದರೆ ಯುಬಿಪೋರ್ಟ್ಸ್ ಅನ್ನೋ ಹೆಸರಿನಲ್ಲಿ ಒಂದಷ್ಟು ಆಸಕ್ತರು ಆ ಕೋಡನ್ನು ಎತ್ತಿಕೊಂಡರು, ಜರ್ಮನಿಯಲ್ಲಿ ಒಂದು ಪ್ರತಿಷ್ಠಾನ ಮಾಡಿಕೊಂಡರು, ಇವತ್ತಿಗೂ ನಡೆಸುತ್ತಿದ್ದಾರೆ. ಕಂಪನಿ ಬಿಟ್ಟುಹೋದ ಮೇಲೂ ಫೋನ್ ಬದುಕಿದೆ ಅಂದರೆ ಅದು ಓಪನ್ ಸೋರ್ಸ್, ಅಂದರೆ ಕೋಡನ್ನು ಯಾರು ಬೇಕಾದರೂ ನೋಡಿ ಬಳಸಬಹುದಾದದ್ದು, ಆಗಿದ್ದಕ್ಕೇ. ನನಗೆ ಇದರ ಮೇಲೆ ಮನಸ್ಸಾಗಿದ್ದೂ ಅದಕ್ಕೇ.

ನನ್ನ ಹತ್ತಿರ ಗೂಗಲ್‌ನ ಹಳೇ ಪಿಕ್ಸೆಲ್ 3ಎ ಫೋನ್ ಇತ್ತು, 2019ರ ಮಾಡೆಲ್. 2022ಕ್ಕೇ ಅದರ ಸೆಕ್ಯುರಿಟಿ ಅಪ್‌ಡೇಟ್ ನಿಂತುಹೋಗಿತ್ತು. ಮೂರೇ ವರ್ಷ! ಕ್ಯಾಮೆರಾ ಚೆನ್ನಾಗಿದೆ, ಗಾಜು ಒಡೆದಿಲ್ಲ, ಬ್ಯಾಟರಿ ಪರವಾಗಿಲ್ಲ. ಗುಜರಿಗೆ ಹಾಕೋಕೆ ಮನಸ್ಸು ಬರಲಿಲ್ಲ.

ಇನ್‌ಸ್ಟಾಲ್ ಮಾಡೋದು ನಾನಂದುಕೊಂಡಷ್ಟು ಕಷ್ಟ ಇರಲಿಲ್ಲ. ಬೂಟ್‌ಲೋಡರ್ ಅನ್‌ಲಾಕ್ ಮಾಡಿ (ಅಂದರೆ ಬೇರೆ ವ್ಯವಸ್ಥೆ ಹಾಕೋಕೆ ಬಿಡದ ಬೀಗ ತೆಗೆದು; ಫೋನಿನಲ್ಲಿದ್ದದ್ದೆಲ್ಲ ಆಗ ಅಳಿಸಿಹೋಗುತ್ತದೆ, ಫೋಟೋ ಮೊದಲೇ ತೆಗೆದಿಟ್ಟುಕೊಳ್ಳಿ), ಲ್ಯಾಪ್‌ಟಾಪ್‌ನಲ್ಲಿ ಯುಬಿಪೋರ್ಟ್ಸ್‌ನವರದೇ ಇನ್‌ಸ್ಟಾಲರ್ ತೆರೆದು, ಕೇಬಲ್ ಚುಚ್ಚಿದರೆ ಅದೇ ದಾರಿ ತೋರಿಸುತ್ತದೆ. ಒಂದು ಕಡೆ ಎಡವಿದೆ. ಈ ಮಾಡೆಲ್‌ನಲ್ಲಿ ಮೊದಲು ಆಂಡ್ರಾಯ್ಡ್ 12ರಿಂದ 9ಕ್ಕೆ ಇಳಿಸಿಕೊಳ್ಳಬೇಕು. ಯಾಕಂದ್ರೆ ಉಬುಂಟು ಟಚ್ ಪೂರ್ತಿ ತನ್ನ ಕಾಲ ಮೇಲೆ ನಿಂತಿಲ್ಲ, ಹೇಲಿಯಂ ಅನ್ನೋ ಪದರದ ಮೂಲಕ ಆಂಡ್ರಾಯ್ಡ್‌ನ ಕರ್ನಲ್ ಮತ್ತು ಡ್ರೈವರ್‌ಗಳನ್ನೇ, ಅಂದರೆ ಫೋನಿನ ಯಂತ್ರಭಾಗಗಳನ್ನು ನಡೆಸೋ ತಳದ ಕೋಡನ್ನೇ, ಬಳಸಿಕೊಳ್ಳುತ್ತದೆ. ಸ್ವತಂತ್ರ ಅಂತೀವಿ, ಅಡಿಪಾಯ ಮಾತ್ರ ಪಕ್ಕದ ಮನೆಯವರದ್ದು. ಸೂಚನೆಯಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿದ್ದರು, ನಾನು ಓದಿರಲಿಲ್ಲ ಅಷ್ಟೇ. ಒಂದು ಭಾನುವಾರ ಹೋಯಿತು.

ಆನ್ ಆದಾಗ ಅದು ಕೇಳಿದ್ದು ಭಾಷೆ, ವೈಫೈ, ಪಾಸ್‌ಕೋಡ್. ಆಂಡ್ರಾಯ್ಡ್ ಥರ ಜಿಮೇಲ್ ಖಾತೆ ಕೇಳಲಿಲ್ಲ. ಸುಮ್ನೆ ಒಂದು ನಿಮಿಷ ನೋಡುತ್ತಾ ಕೂತಿದ್ದೆ, ಇನ್ನೇನಾದರೂ ಕೇಳುತ್ತೇನೋ ಅಂತ. ಕೇಳಲೇ ಇಲ್ಲ.

ಬಳಸೋಕೆ ಖುಷಿಯಾಗುತ್ತದೆ, ಸುಳ್ಳು ಹೇಳಲ್ಲ. ಎಡ ಅಂಚಿನಿಂದ ಬೆರಳು ಎಳೆದರೆ ಆಪ್‌ಗಳ ಸಾಲು ಬರುತ್ತದೆ, ಬಲದಿಂದ ಎಳೆದರೆ ತೆರೆದಿಟ್ಟ ಆಪ್‌ಗಳು ಇಸ್ಪೀಟ್ ಎಲೆ ಹಾಗೆ ಹರಡಿಕೊಳ್ಳುತ್ತವೆ. ಟರ್ಮಿನಲ್, ಅಂದರೆ ಕಮಾಂಡ್ ಟೈಪ್ ಮಾಡೋ ಆಪ್, ತೆರೆದರೆ ಉಬುಂಟುವಿನ ಬುಡದಲ್ಲಿರೋ ನಿಜವಾದ ಲಿನಕ್ಸ್, ಬಸ್ಸಿನಲ್ಲಿ ನಿಂತುಕೊಂಡೇ ಆಫೀಸಿನ ಸರ್ವರ್‌ಗೆ ಲಾಗಿನ್ ಆಗಿದ್ದೇನೆ. ಆದರೆ ಆ ಆಪ್ ಬಿಟ್ಟು ಬೇರೆಯದಕ್ಕೆ ಹೋದ ತಕ್ಷಣ ಹಿಂದಿನದು ನಿದ್ದೆ ಹೋಗುತ್ತದೆ, ಅದನ್ನು ಹಾಗೇ ಮಾಡಿದ್ದಾರೆ, ಹಿಂದೆ ಕೂತು ಬ್ಯಾಟರಿ ತಿನ್ನಬಾರದು ಅಂತ. ಮೆಸೇಜ್ ನೋಡಿ ವಾಪಸ್ ಬಂದರೆ ಸರ್ವರ್ ಕನೆಕ್ಷನ್ ಸತ್ತಿರುತ್ತದೆ. ಟ್ವೀಕ್ ಟೂಲ್ ಅಂತ ಒಂದು ಆಪ್ ಹಾಕಿ, ಟರ್ಮಿನಲ್ ಒಂದನ್ನು ಮಲಗಿಸಬೇಡ ಅಂತ ಹೇಳಿಟ್ಟಿದ್ದೇನೆ.

ಇನ್ನು ಕರೆಯ ವಿಷಯ. 4ಜಿ ಮೇಲೆ ಮಾತು ಸಾಗಬೇಕಂದರೆ ವಿಒಎಲ್‌ಟಿಇ ಬೇಕು, ಸಿಗ್ನಲ್ ಪಕ್ಕ ಸಣ್ಣ ಅಕ್ಷರದಲ್ಲಿ ಬರುತ್ತಲ್ಲ, ಅದು. ಅದರ ಕೋಡ್ ಚಿಪ್ ಕಂಪನಿಯವರ, ಫೋನ್ ಕಂಪನಿಯವರ ಮುಷ್ಟಿಯಲ್ಲಿದೆ. ಹಾಗಾಗಿ ಒಂದೊಂದು ಮಾಡೆಲ್‌ಗೂ ಯಾರಾದರೂ ಬೇರೆಬೇರೆಯಾಗಿ ಕೂತು ಗುದ್ದಾಡಬೇಕು. ಕೆಲವಕ್ಕೆ ಮಾಡಿದ್ದಾರೆ, ನನ್ನದಕ್ಕೆ ಆಗಿರಲಿಲ್ಲ. ವಿಒಎಲ್‌ಟಿಇ ಇಲ್ಲದ ಫೋನ್ ಕರೆ ಬಂದಾಗ 2ಜಿಗೋ 3ಜಿಗೋ ಇಳಿದು ಮಾತಾಡುತ್ತದೆ. ನನ್ನ ಸಿಮ್ಮಿನ ಕಂಪನಿಗೆ ಅವೆರಡೂ ಇಲ್ಲ, ಹುಟ್ಟಿದ್ದೇ 4ಜಿಯಲ್ಲಿ. ಇಳಿಯೋಕೆ ಮೆಟ್ಟಿಲೇ ಇಲ್ಲ. ಅಮ್ಮನ ಕರೆ ಬಂದು ಬಾಗಿಲಲ್ಲೇ ನಿಂತು ವಾಪಸ್ ಹೋಗುತ್ತಿತ್ತು. ಇದರಲ್ಲಿ ಯಾರದ್ದು ತಪ್ಪು ಅಂತ ಹೇಳೋದು? 2ಜಿ ಇರೋ ಇನ್ನೊಂದು ಕಂಪನಿಯ ಸಿಮ್ ತಂದು ಹಾಕಿದೆ. ಈಗ ಕರೆ ಬರುತ್ತದೆ, ಮಾತಾಡೋ ಅಷ್ಟು ಹೊತ್ತೂ ನೆಟ್ ನಿಂತಿರುತ್ತದೆ. ಪರವಾಗಿಲ್ಲ.

ಕರೆ ಸಮಸ್ಯೆ ಮುಗಿಯಿತು ಅಂದುಕೊಂಡೆ. ಮಾರನೇ ಬೆಳಿಗ್ಗೆ ವಿಜಯನಗರದ ಟೀ ಅಂಗಡಿಯಲ್ಲಿ ಟೀ ಕುಡಿದು ಅಭ್ಯಾಸಬಲದಿಂದ ಫೋನ್ ತೆಗೆದು ಕ್ಯೂಆರ್ ಕೋಡ್ ಮುಂದೆ ಹಿಡಿದೆ. ತೆರೆಯೋಕೆ ಆಪ್ ಇಲ್ಲ. ಜೇಬಿನಲ್ಲಿ ಐನೂರರ ಒಂದೇ ನೋಟು. ಹದಿನೈದು ರೂಪಾಯಿ ಟೀಗೆ ಐನೂರು ಕೊಟ್ಟರೆ ಅವರ ಮುಖ ಹೇಗಾಗುತ್ತೆ ಅಂತ ಹೇಳಬೇಕಾ? "ಇರ್ಲಿ ಬಿಡಿ ಸಾರ್, ನಾಳೆ ಕೊಡಿ" ಅಂದರು.

ವೇಡ್ರಾಯ್ಡ್ ಇದೆಯಲ್ಲಾ ಅಂತ ಗೊತ್ತಿರುವವರು ಕೇಳಬಹುದು. ಹೌದು, ಉಬುಂಟು ಒಳಗೇ ಒಂದು ಡಬ್ಬದಲ್ಲಿ ಆಂಡ್ರಾಯ್ಡ್ ಓಡಿಸುತ್ತದೆ, ಕೆಲವು ಆಪ್‌ಗಳಿಗೆ ಚೆನ್ನಾಗಿಯೇ ಇದೆ. ಆದರೆ ಯುಪಿಐ ಆಪ್ ಶುರುವಿನಲ್ಲೇ ನಿಮ್ಮ ಸಿಮ್ಮಿನಿಂದ ಒಂದು ಎಸ್ಸೆಮ್ಮೆಸ್ ಕಳಿಸಿ, ಈ ನಂಬರ್ ಈ ಫೋನಿನಲ್ಲೇ ಇದೆ ಅಂತ ಖಾತ್ರಿ ಮಾಡಿಕೊಳ್ಳುತ್ತದೆ. ಡಬ್ಬದೊಳಗಿನ ಆಂಡ್ರಾಯ್ಡ್‌ಗೆ ಸಿಮ್ ಕಾಣೋದೇ ಇಲ್ಲ. ಎಸ್ಸೆಮ್ಮೆಸ್ ಎಲ್ಲಿಂದ ಹೋಗಬೇಕು? ಬ್ಯಾಂಕಿನ ಆಪ್ ಅಂತೂ ಈ ಸಾಧನ ಸುರಕ್ಷಿತವಲ್ಲ ಅಂತ ಹೇಳಿ ತಾನೇ ಮುಚ್ಚಿಕೊಂಡಿತು. ಒಂದು ರಾತ್ರಿ ಒಂದೂವರೆವರೆಗೆ ಏನೇನೋ ಸಾಹಸ ಮಾಡಿ ಕೊನೆಗೆ ಬಿಟ್ಟೆ. ಹಾಗೂ ಹೀಗೂ ಹತ್ತಿಸಿದರೂ ನಾಳೆ ಯಾವ ಅಪ್‌ಡೇಟ್‌ಗೆ ನಿಲ್ಲುತ್ತೋ ಅನ್ನೋ ಭಯದಲ್ಲಿ ದುಡ್ಡಿನ ವ್ಯವಹಾರ ನಡೆಸೋಕಾಗಲ್ಲ.

ಹಾಗಾಗಿ ಈಗ ಎರಡು ಫೋನ್. ಕೈಯಲ್ಲಿ ಉಬುಂಟು. ಬ್ಯಾಗಿನಲ್ಲಿ ಹೆಂಡತಿ ಬಿಟ್ಟ ಹಳೇ ಆಂಡ್ರಾಯ್ಡ್, ಅದಕ್ಕೆ ಬ್ಯಾಂಕಿಗೆ ಕೊಟ್ಟಿರುವ ಹಳೇ ನಂಬರಿನ ಸಿಮ್. ಆ ನಂಬರಿಗೆ ಈಗ ಫೋನ್ ಮಾಡೋದು ಲೋನ್ ಬೇಕಾ ಅನ್ನೋರು ಮಾತ್ರ, ಅದಕ್ಕೇ ಯಾವಾಗಲೂ ಸ್ವಿಚ್ ಆಫ್. "ಗೂಗಲ್ ಬಿಟ್ಟೆ ಬಿಟ್ಟೆ ಅಂತೀರಿ, ಬ್ಯಾಗಲ್ಲಿ ಹೊತ್ಕೊಂಡು ತಿರುಗ್ತೀರಿ" ಅಂತ ಇವಳ ನಗು. ಉತ್ತರ ಇಲ್ಲ ನನ್ನ ಹತ್ತಿರ.

ಆ ಡಬ್ಬಾ ಫೋನ್ ಆನ್ ಆಗಿ, ಸಿಗ್ನಲ್ ಹಿಡಿದು, ಸ್ಕ್ಯಾನ್‌ಗೆ ತಯಾರಾಗೋಕೆ ಹತ್ತಿರ ಹತ್ತಿರ ಒಂದು ನಿಮಿಷ. ಟೀ ಅಂಗಡಿಯವರಿಗೆ ಇದು ಬಾಯಿಪಾಠ ಆಗಿದೆ. ನಾನು ದೂರದಲ್ಲಿ ಕಂಡ ಕೂಡಲೇ, "ಸಾರ್, ಮೊದ್ಲು ಆ ಫೋನ್ ಆನ್ ಮಾಡಿ, ಅಷ್ಟರಲ್ಲಿ ಟೀ ಹಾಕ್ತೀನಿ" ಅಂತಾರೆ.